ಇಟ್ಟ ಕ್ರಮ, ಓದುವ ಕ್ರಮ

ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಹೊರಡುವ ರೈಲಿಗೆ ಮುಂಗಡ ಟಿಕೆಟ್ ತೆಗೆದವರು ಅದರ ಮೇಲಿನ ಪಿಎನ್‌ಆರ್ ಸಂಖ್ಯೆಯನ್ನು ಒಮ್ಮೆ ಗಮನಿಸಿ. ಹತ್ತು ಅಂಕಿಗಳ ಆ ಸಂಖ್ಯೆ ಸಾಮಾನ್ಯವಾಗಿ 4ರಿಂದ ಶುರುವಾಗುತ್ತದೆ. ದೆಹಲಿ ಕಡೆಯ ರೈಲಾದರೆ 2 ಅಥವಾ 3, ಕೋಲ್ಕತ್ತ ಕಡೆಯದಾದರೆ 6 ಅಥವಾ 7, ಮುಂಬೈ ಕಡೆಯದಾದರೆ 8 ಅಥವಾ 9 ಇರುತ್ತದೆ. ಆ ಟಿಕೆಟ್ಟಿನ ಲೆಕ್ಕ ಯಾವ ಕಾಯ್ದಿರಿಸುವ ಕೇಂದ್ರಕ್ಕೆ ಸೇರಿದ್ದು ಎಂಬುದನ್ನು ಈ ಮೊದಲ ಅಂಕಿ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯಿರುವ ನೈರುತ್ಯ ರೈಲ್ವೆಯ ರೈಲುಗಳು ಚೆನ್ನೈ ಕೇಂದ್ರಕ್ಕೆ ಸೇರಿವೆ. ಹಾಗಾಗಿ ನಮ್ಮೂರಿನ ನಿಲ್ದಾಣದಲ್ಲಿ ನಮ್ಮೂರಿನವರೇ ಕೊಟ್ಟ ಟಿಕೆಟ್ಟಿನ ದಾಖಲೆಯನ್ನೂ ಚೆನ್ನೈನ ಲೆಕ್ಕದಿಂದಲೇ ಹುಡುಕಿ ತರಬೇಕು.

ಆ ಹುಡುಕಾಟ ಕ್ಷಣದಲ್ಲಿ ಮುಗಿಯುವುದು ಹೇಗೆ, ಕೆಲವೊಮ್ಮೆ ಅದೇ ಹುಡುಕಾಟ ತಡವಾಗುವುದು ಯಾಕೆ ಎಂದು ಕೇಳಿದರೆ ಹೆಚ್ಚಿನವರು ಯಂತ್ರದ ವೇಗದ ಕಡೆಗೆ ಬೆರಳು ತೋರುತ್ತಾರೆ. ಯಂತ್ರದ ವೇಗಕ್ಕೆ ಅದರದೇ ಪಾಲಿದೆ. ಆದರೆ ಅದಕ್ಕಿಂತ ದೊಡ್ಡ ಪಾಲು ದಾಖಲೆಗಳನ್ನು ಎಷ್ಟೆಷ್ಟರ ಕಟ್ಟುಗಳಾಗಿ, ಯಾವ ಕ್ರಮದಲ್ಲಿ ಇಡಲಾಗಿದೆ ಎಂಬುದಕ್ಕೆ ಸೇರಿದ್ದು. ಕಂಪ್ಯೂಟರಿನವರು ಈ ಕಟ್ಟನ್ನು ಬ್ಲಾಕ್ ಎನ್ನುತ್ತಾರೆ, ಕಟ್ಟು ಕಟ್ಟುವ ಕೆಲಸವನ್ನು ಬ್ಲಾಕಿಂಗ್ ಎನ್ನುತ್ತಾರೆ. ಕೀ, ಅಂದರೆ ಪಿಎನ್‌ಆರ್‌ನಂಥ ಹುಡುಕುವ ಗುರುತು, ಇಟ್ಟುಕೊಂಡ ಫೈಲುಗಳನ್ನು ಓದುವಾಗ ಬ್ಲಾಕಿಂಗ್ ವರವಾಗುವುದು ಎಲ್ಲಿ, ಹೊರೆಯಾಗುವುದು ಎಲ್ಲಿ ಎಂದು ತಿಳಿದಿರುವುದು ಒಳ್ಳೆಯ ಎಂಜಿನಿಯರಿಗೆ ಇರಲೇಬೇಕಾದ ಅರಿವು ಎಂದು ನಾನು ನಂಬಿದ್ದೇನೆ.

ಟೇಪಿನ ಕಾಲದ ಲೆಕ್ಕ

ಬ್ಲಾಕಿಂಗ್ ಹುಟ್ಟಿದ್ದು ಮ್ಯಾಗ್ನೆಟಿಕ್ ಟೇಪಿನ ಕಾಲದಲ್ಲಿ. 1960ರ ದಶಕದ ಕಂಪ್ಯೂಟರ್ ಟೇಪು ಅರ್ಧ ಅಂಗುಲ ಅಗಲ, ಒಂದು ಸುರುಳಿಯಲ್ಲಿ 2400 ಅಡಿ ಉದ್ದ. ಪಂಚ್ ಕಾರ್ಡೊಂದರಲ್ಲಿ 80 ಅಕ್ಷರ ಹಿಡಿಸುತ್ತಿದ್ದುದರಿಂದ ದಾಖಲೆಗಳೂ ಬಹಳ ಸಲ 80 ಅಕ್ಷರದ್ದೇ ಆಗಿರುತ್ತಿದ್ದವು. ಅಂಗುಲಕ್ಕೆ 800 ಅಕ್ಷರ ಬರೆಯುವ ಟೇಪಿನಲ್ಲಿ ಅಂಥ ಒಂದು ದಾಖಲೆಗೆ ಬೇಕಾದದ್ದು ಅಂಗುಲದ ಹತ್ತನೇ ಒಂದು ಭಾಗ ಮಾತ್ರ. ಆದರೆ ಟೇಪು ಓಡಿ, ನಿಂತು, ಮತ್ತೆ ಓಡಲು ಸ್ವಲ್ಪ ಖಾಲಿ ಜಾಗ ಬೇಕು. ಒಂಬತ್ತು ಟ್ರ್ಯಾಕಿನ ಟೇಪಿನಲ್ಲಿ ಆ ಖಾಲಿ ಜಾಗ 0.6 ಅಂಗುಲ.

ಒಂದೊಂದೇ ದಾಖಲೆ ಬರೆದು ಒಂದೊಂದು ಖಾಲಿ ಜಾಗ ಬಿಟ್ಟರೆ ದಾಖಲೆಯೊಂದಕ್ಕೆ 0.7 ಅಂಗುಲ ಬೇಕು. 2400 ಅಡಿ ಅಂದರೆ 28,800 ಅಂಗುಲದಲ್ಲಿ ಸುಮಾರು 41,000 ದಾಖಲೆ ಹಿಡಿಸುತ್ತದೆ. ಏಳು ಪಾಲಿನಲ್ಲಿ ಆರು ಪಾಲು ಟೇಪು ಖಾಲಿ! ಹತ್ತು ದಾಖಲೆಗಳನ್ನು ಒಟ್ಟು ಕಟ್ಟಿ, ಕಟ್ಟಿಗೊಂದು ಖಾಲಿ ಜಾಗ ಬಿಟ್ಟರೆ ಹತ್ತಕ್ಕೆ 1.6 ಅಂಗುಲ ಸಾಕು. ಅದೇ ಸುರುಳಿಯಲ್ಲಿ ಈಗ 1,80,000 ದಾಖಲೆ. ಟೇಪು ನಿಂತು ಹೊರಡುವುದೂ ಹತ್ತು ಸಲಕ್ಕೆ ಬದಲು ಒಂದೇ ಸಲ. ಹೊಸ ಯಂತ್ರ ಕೊಳ್ಳದೆ, ಬರೆಯುವ ಬಗೆಯನ್ನಷ್ಟೇ ಬದಲಿಸಿ ಸಿಕ್ಕ ಲಾಭ ಇದು.

ಟೇಪಿನಲ್ಲಿ ಬ್ಲಾಕ್ ದೊಡ್ಡದಾದಷ್ಟೂ ಲಾಭ. ಮೊದಲಿಂದ ಕೊನೆಯವರೆಗೆ ಸಾಲಾಗಿ ಓದುವುದೊಂದೇ ದಾರಿ ಇದ್ದುದರಿಂದ, ಒಟ್ಟು ಬಂದ ಹತ್ತು ದಾಖಲೆಗಳೂ ಕೆಲಸಕ್ಕೆ ಬಂದೇ ಬರುತ್ತಿದ್ದವು. 1956ರಲ್ಲಿ ಐಬಿಎಂ ರಾಮ್ಯಾಕ್ ಡಿಸ್ಕ್ ತಂದಾಗ ಈ ನೆಮ್ಮದಿ ಹೋಯಿತು. ಡಿಸ್ಕಿನಲ್ಲಿ ಬೇಕಾದ ದಾಖಲೆಗೆ ನೇರವಾಗಿ ಹೋಗಬಹುದು. ನೇರವಾಗಿ ಹೋಗಲು ವಿಳಾಸ ಹೇಳುವ ಕೀ ಬೇಕಾಯಿತು, ಕೀಗಳನ್ನು ಜೋಡಿಸಿಡುವ ಇಂಡೆಕ್ಸ್ ಬೇಕಾಯಿತು. ಅಲ್ಲಿಂದ ಮುಂದೆ, ಒಟ್ಟು ಬಂದ ಕಟ್ಟಿನಲ್ಲಿ ನನಗೆ ಬೇಕಾದದ್ದು ಎಷ್ಟು ಎಂಬ ಪ್ರಶ್ನೆ ಎದ್ದಿತು.

ಲೆಡ್ಜರಿನಿಂದ ಕೌಂಟರಿಗೆ

ಕಂಪ್ಯೂಟರ್ ಬರುವ ಮೊದಲು ರೈಲಿನ ಸೀಟು ಕಾಯ್ದಿರಿಸುವುದು ಲೆಡ್ಜರುಗಳಲ್ಲಿ ನಡೆಯುತ್ತಿತ್ತು. ಇಂಥ ರೈಲು, ಇಂಥ ದಿನ ಎಂದು ಪುಟ ತೆರೆದು, ಬರ್ತಿನ ಎದುರು ಗುಮಾಸ್ತರು ಹೆಸರು ಬರೆಯುತ್ತಿದ್ದರು. ಒಂದು ರೈಲಿನ ಒಂದು ದಿನದ ಪ್ರಯಾಣಿಕರೆಲ್ಲ ಒಂದೇ ಕಡೆ ಇರುತ್ತಿದ್ದರಿಂದ ಪಟ್ಟಿ ತಯಾರಿಸುವುದು ಸುಲಭವಿತ್ತು. ಆದರೆ ಆ ಪುಸ್ತಕ ಯಾವ ಕೌಂಟರಿನಲ್ಲಿದೆಯೋ ಅಲ್ಲಿಯೇ ಸಾಲು ನಿಲ್ಲಬೇಕಿತ್ತು. ಒಂದು ಟಿಕೆಟ್ ಎಲ್ಲಿ ಬರೆಯಲ್ಪಟ್ಟಿದೆ ಎಂದು ಸಂಖ್ಯೆ ಹಿಡಿದು ಹುಡುಕಲು ಹೊರಟರೆ ಪುಟ ಪುಟವನ್ನೂ ತಿರುವಬೇಕಿತ್ತು.

1985ರ ನವೆಂಬರಿನಲ್ಲಿ ದೆಹಲಿಯಲ್ಲಿ ಗಣಕೀಕೃತ ಮುಂಗಡ ಟಿಕೆಟ್ ವ್ಯವಸ್ಥೆ ಶುರುವಾಯಿತು. ಸಾರ್ವಜನಿಕ ಉದ್ದಿಮೆಯಾಗಿದ್ದ ಸಿಎಂಸಿ ಅದರ ಸಾಫ್ಟ್‌ವೇರ್ ಬರೆದಿತ್ತು, ಡಿಜಿಟಲ್ ಕಂಪನಿಯ ವ್ಯಾಕ್ಸ್ ಕಂಪ್ಯೂಟರುಗಳು ಅದನ್ನು ಓಡಿಸುತ್ತಿದ್ದವು. 1986ರಲ್ಲಿ ರೈಲ್ವೆ ತನ್ನದೇ ಗಣಕ ಸಂಸ್ಥೆ ಕ್ರಿಸ್ ಅನ್ನು ಕಟ್ಟಿತು. ಕೆಲವೇ ವರ್ಷಗಳಲ್ಲಿ ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್‌ಗಳಲ್ಲೂ ಕೇಂದ್ರಗಳಾದವು. ಕಾನ್ಸರ್ಟ್ ಎಂಬ ಹೊಸ ತಂತ್ರಾಂಶ 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಬಂತು, 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳನ್ನು ಬೆಸೆಯಿತು. ಚೆನ್ನೈ ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ ಕಾಂಪ್ಲೆಕ್ಸಿನ ಯಾವುದೇ ಕೌಂಟರಿನಲ್ಲಿ ಯಾವುದೇ ರೈಲಿನ ಟಿಕೆಟ್ ಸಿಗುವಂತಾಯಿತು. ಲೆಡ್ಜರಿನ ಕಾಲದಲ್ಲಿ ಊರೂರು ಅಲೆದವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದು ಗೊತ್ತು.

ವ್ಯಾಕ್ಸ್ ಯಂತ್ರಗಳ ವಿಎಂಎಸ್ ಕಾರ್ಯವ್ಯವಸ್ಥೆಯ ಜೊತೆಗೇ ಆರ್‌ಎಂಎಸ್ ಎಂಬ ಫೈಲ್ ನಿರ್ವಾಹಕ ಬರುತ್ತದೆ. ಅದರ ಕೀ ಫೈಲುಗಳ ರಚನೆ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಡಿಸ್ಕಿನ ಬ್ಲಾಕು ಅಲ್ಲಿ 512 ಬೈಟ್. ಅಂಥ 1ರಿಂದ 63 ಬ್ಲಾಕು ಸೇರಿಸಿ ಒಂದು ಬಕೆಟ್ ಮಾಡಬಹುದು. ಡಿಸ್ಕಿನಿಂದ ಬರುವುದು ಇಡೀ ಬಕೆಟ್, ಒಂದೊಂದೇ ದಾಖಲೆ ಬರುವುದಿಲ್ಲ. ದಾಖಲೆಗಳು ಮುಖ್ಯ ಕೀಯ ಕ್ರಮದಲ್ಲಿ ಬಕೆಟ್ಟುಗಳೊಳಗೆ ಕೂತಿರುತ್ತವೆ. ಇನ್ನೊಂದು ಕೀಯಿಂದಲೂ ಹುಡುಕಬೇಕಾದರೆ ಅದಕ್ಕೆ ಬೇರೆ ಇಂಡೆಕ್ಸ್ ಕಟ್ಟಬಹುದು. ಆದರೆ ಆ ಇಂಡೆಕ್ಸ್ ವಿಳಾಸ ಹೇಳುತ್ತದೆಯೇ ಹೊರತು ದಾಖಲೆಗಳನ್ನು ಎತ್ತಿ ಬೇರೆ ಕ್ರಮದಲ್ಲಿ ಕೂರಿಸುವುದಿಲ್ಲ. ಒಂದು ದಾಖಲೆಗೆ ಒಂದೇ ಜಾಗ, ಹುಡುಕುವ ದಾರಿ ಹಲವು.

ಒಂದು ರೈಲಿನ ಪಟ್ಟಿ

ಕೆಲವು ವರ್ಷ ಹಿಂದಿನವರೆಗೂ ಪ್ರತಿ ಬೋಗಿಯ ಬಾಗಿಲ ಪಕ್ಕದಲ್ಲಿ ಹೆಸರುಗಳ ಪಟ್ಟಿ ಅಂಟಿಸಿರುತ್ತಿದ್ದರು. ಬರ್ತ್ 1ರಿಂದ ಕೊನೆಯವರೆಗೆ ಹೆಸರು, ವಯಸ್ಸು, ಇಳಿಯುವ ಊರು. ಮೈಸೂರಿನಿಂದ ರಾತ್ರಿ ಹೊರಟು ಚೆನ್ನೈಗೆ ಬರುವ ಕಾವೇರಿ ಎಕ್ಸ್‌ಪ್ರೆಸ್ಸಿನಂಥ ರೈಲಿಗೆ ಆ ಪಟ್ಟಿ ತಯಾರಾಗುವುದನ್ನು ಲೆಕ್ಕ ಹಾಕಿ ನೋಡೋಣ. ಚೆನ್ನೈನದೇ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಹಳೆಯ ವಿನ್ಯಾಸದ ಸ್ಲೀಪರ್ ಬೋಗಿಯಲ್ಲಿ 72 ಬರ್ತು. ಹನ್ನೆರಡು ಬೋಗಿ ಎಂದಿಟ್ಟುಕೊಂಡರೆ 864 ಬರ್ತು, 864 ದಾಖಲೆ. ದಾಖಲೆಯೊಂದು 200 ಬೈಟ್, ಒಂದು ಬಕೆಟ್ 4096 ಬೈಟ್ ಎನ್ನೋಣ. ಬಕೆಟ್ಟಿಗೆ 20 ದಾಖಲೆ.

ಆ ಕಾಲದ ಡಿಸ್ಕ್ ನಿಮಿಷಕ್ಕೆ 3600 ಸುತ್ತು ತಿರುಗುತ್ತಿತ್ತು. ಬೇಕಾದ ಜಾಗ ಡಿಸ್ಕಿನ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ 8.3 ಮಿಲಿಸೆಕೆಂಡ್. ತಲೆ ಸರಿದು ಸರಿಯಾದ ಪಥಕ್ಕೆ ಬರಲು ಇಪ್ಪತ್ತಕ್ಕೂ ಹೆಚ್ಚು. ಒಟ್ಟು ಒಂದು ಓದಿಗೆ 30 ಮಿಲಿಸೆಕೆಂಡ್ ಎಂದು ಹಿಡಿಯೋಣ.

ದಾಖಲೆಗಳನ್ನು ರೈಲು, ದಿನಾಂಕ, ಬೋಗಿ, ಬರ್ತ್ ಎಂಬ ಕ್ರಮದಲ್ಲೇ ಇಟ್ಟಿದ್ದರೆ 864 ದಾಖಲೆಗಳು 44 ಬಕೆಟ್ಟುಗಳಲ್ಲಿ ಒತ್ತೊತ್ತಾಗಿ ಇರುತ್ತವೆ. 44 ಓದು, 1.3 ಸೆಕೆಂಡ್, ಕೆಲಸ ಮುಗಿಯಿತು. ಅದೇ ದಾಖಲೆಗಳನ್ನು ಪಿಎನ್‌ಆರ್ ಕ್ರಮದಲ್ಲಿ ಇಟ್ಟಿದ್ದರೆ ಕಥೆಯೇ ಬೇರೆ. ಬರ್ತ್ 1ರ ಟಿಕೆಟನ್ನು ಯಾರೋ ಎರಡು ತಿಂಗಳ ಹಿಂದೆ ಮಂಡ್ಯದಲ್ಲಿ ತೆಗೆದಿರುತ್ತಾರೆ, ಬರ್ತ್ 2ರದ್ದನ್ನು ನಿನ್ನೆ ಸಂಜೆ ಇನ್ಯಾರೋ ಚೆನ್ನೈನಲ್ಲಿ. ಎರಡಕ್ಕೂ ಪಕ್ಕಪಕ್ಕದ ಪಿಎನ್‌ಆರ್ ಬರುವ ಸಂಭವವೇ ಇಲ್ಲ. ಬರ್ತಿನ ಇಂಡೆಕ್ಸ್ ಹಿಡಿದು ಸಾಲಾಗಿ ಓದುತ್ತಿದ್ದೇವೆ ಎಂದು ಪ್ರೋಗ್ರಾಮಿಗೆ ಅನಿಸುತ್ತಿರುತ್ತದೆ, ಡಿಸ್ಕಿನ ತಲೆ ಮಾತ್ರ ಪ್ರತಿ ದಾಖಲೆಗೂ ಆ ತುದಿಯಿಂದ ಈ ತುದಿಗೆ ಓಡುತ್ತಿರುತ್ತದೆ. 864 ದಾಖಲೆಗೆ 864 ಓದು, ಹತ್ತಿರಹತ್ತಿರ 26 ಸೆಕೆಂಡ್. ಯಂತ್ರ ಅದೇ, ಫೈಲ್ ಅದೇ, ತಂದ ದಾಖಲೆಗಳೂ ಅವೇ. ಇಪ್ಪತ್ತು ಪಟ್ಟು ವ್ಯತ್ಯಾಸ ಬಂದದ್ದು ಇಟ್ಟ ಕ್ರಮಕ್ಕೂ ಓದುವ ಕ್ರಮಕ್ಕೂ ತಾಳೆಯಾಗದ ಕಾರಣಕ್ಕೆ.

ನಿಧಾನವಾಯಿತು ಎಂದ ಕೂಡಲೇ ಬಕೆಟ್ ದೊಡ್ಡದು ಮಾಡೋಣ ಎಂಬ ಸಲಹೆ ಬರುತ್ತದೆ. ಮಾಡಿ ನೋಡೋಣ. ಬಕೆಟ್ಟಿಗೆ 20ರ ಬದಲು 150 ದಾಖಲೆ, ಸುಮಾರು 30,000 ಬೈಟ್. ಕ್ರಮ ಕೂಡಿ ಬಂದಿರುವ ಕಡೆ 44 ಓದು ಆರಕ್ಕೆ ಇಳಿಯುತ್ತದೆ. ಕ್ರಮ ತಪ್ಪಿರುವ ಕಡೆ ಓದು 864ರಲ್ಲೇ ನಿಲ್ಲುತ್ತದೆ, ಮೇಲಾಗಿ ಪ್ರತಿ ಸಲವೂ ಬೇಕಾದ ಒಂದು ದಾಖಲೆಯ ಜೊತೆ ಬೇಡವಾದ 149 ಬರುತ್ತವೆ. ಪಟ್ಟಿಗೆ ಬೇಕಾದದ್ದು 1,72,800 ಬೈಟ್, ಹೊತ್ತು ತಂದದ್ದು ಎರಡೂವರೆ ಕೋಟಿ ಬೈಟಿಗೂ ಹೆಚ್ಚು. ಸಾಲದ್ದಕ್ಕೆ ಅಷ್ಟು ದೊಡ್ಡ ಬಕೆಟ್ಟುಗಳು ಮೆಮೊರಿಯಲ್ಲಿ ಜಾಗ ಹಿಡಿದು, ಬೇರೆಯವರಿಗೆ ಬೇಕಿದ್ದ ಬಕೆಟ್ಟುಗಳನ್ನು ಹೊರದಬ್ಬುತ್ತವೆ. ಬ್ಲಾಕಿಂಗ್ ಹೆಚ್ಚಿಸಿ ಕೆಲಸ ಇನ್ನೂ ನಿಧಾನವಾದ ಬಹುಪಾಲು ಪ್ರಸಂಗಗಳ ಮೂಲ ಇಲ್ಲೇ ಇರುತ್ತದೆ.

ರಂಗನಾಥನ್ ಕಪಾಟು

ಇದೇ ಪ್ರಶ್ನೆಯನ್ನು ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ, ಚೆನ್ನೈನಲ್ಲೇ ಕೂತು ಯೋಚಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಅವರ ಪುಸ್ತಕ 1931ರಲ್ಲಿ, ಕೋಲನ್ ವರ್ಗೀಕರಣ 1933ರಲ್ಲಿ ಬಂತು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಓದುಗರ ಹೊತ್ತು ಹಾಳಾಗಬಾರದು ಎಂಬುದು ಅವರ ಐದು ಸೂತ್ರಗಳಲ್ಲಿ ಒಂದರ ತಿರುಳು.

ಪುಸ್ತಕವೊಂದು ಕಪಾಟಿನಲ್ಲಿ ಒಂದೇ ಜಾಗದಲ್ಲಿ ಇರಬಲ್ಲದು. ವಿಷಯದ ಪ್ರಕಾರ ಜೋಡಿಸಿದರೆ ಕೃಷಿಯ ಪುಸ್ತಕಗಳೆಲ್ಲ ಒಂದೇ ಕಪಾಟಿನಲ್ಲಿ ಸಿಗುತ್ತವೆ. ಶಿವರಾಮ ಕಾರಂತರು ಬರೆದದ್ದೆಲ್ಲ ಬೇಕು ಎಂದು ಬಂದವರು ಲೇಖಕರ ಕಾರ್ಡುಗಳನ್ನು ಹಿಡಿದುಕೊಂಡು ಕಾದಂಬರಿಯ ಕಪಾಟಿಗೆ, ಯಕ್ಷಗಾನದ ಕಪಾಟಿಗೆ, ವಿಜ್ಞಾನದ ಕಪಾಟಿಗೆ ನಡೆಯಬೇಕು. ಕಾರ್ಡಿನ ಡ್ರಾಯರ್ ಎಷ್ಟೇ ಚೆನ್ನಾಗಿದ್ದರೂ ಈ ನಡೆದಾಟ ತಪ್ಪದು. ಆರ್‌ಎಂಎಸ್‌ನ ಮುಖ್ಯ ಕೀಗೂ ಉಳಿದ ಕೀಗಳಿಗೂ ಇರುವ ವ್ಯತ್ಯಾಸ ಇಷ್ಟೇ. ಹೆಚ್ಚು ಜನ ಹೇಗೆ ಓದುತ್ತಾರೋ ಹಾಗೆ ಜೋಡಿಸಬೇಕು ಎಂಬ ತೀರ್ಮಾನವನ್ನು ಯಂತ್ರ ತಾನಾಗಿ ಮಾಡಲಾರದು. ಓದುವವರನ್ನು ಬಲ್ಲವರು ಅದನ್ನು ಮಾಡಬೇಕು.

ಕಿಟಕಿಯ ಮುಂದೆ ನಿಂತವರು

ಹಾಗಾದರೆ ಎಲ್ಲವನ್ನೂ ಪಟ್ಟಿಯ ಕ್ರಮದಲ್ಲಿ ಇಟ್ಟುಬಿಟ್ಟರೆ ಆಯಿತಲ್ಲ ಎನ್ನಬಹುದು. ಪಟ್ಟಿ ತಯಾರಾಗುವುದು ರೈಲಿಗೊಂದೆರಡು ಸಲ. ಪಿಎನ್‌ಆರ್ ಹಿಡಿದು ‘ನನ್ನ ವೇಟಿಂಗ್ ಲಿಸ್ಟ್ ಎಷ್ಟಕ್ಕೆ ಬಂತು’ ಎಂದು ಕೇಳುವವರು ದಿನವಿಡೀ ಬರುತ್ತಲೇ ಇರುತ್ತಾರೆ. ಅವರಿಗೆ ಬೇಕಾದದ್ದು ಒಂದೇ ದಾಖಲೆ. ಅಂಥ ಓದಿಗೆ ದೊಡ್ಡ ಬ್ಲಾಕಿನಿಂದ ಪ್ರಯೋಜನವಿಲ್ಲ, ಚೆನ್ನಾಗಿ ಕಟ್ಟಿದ ಇಂಡೆಕ್ಸ್ ಮುಖ್ಯ.

ಇಂಡೆಕ್ಸಿನಲ್ಲಿ ಬ್ಲಾಕಿಂಗ್ ಇನ್ನೊಂದು ಬಗೆಯಲ್ಲಿ ನೆರವಿಗೆ ಬರುತ್ತದೆ. 1970ರ ಸುಮಾರಿಗೆ ಬೋಯಿಂಗ್‌ನ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ರೂಪಿಸಿದ ಬಿ-ಟ್ರೀ ರಚನೆಯಲ್ಲಿ ಇಂಡೆಕ್ಸಿನ ಒಂದು ಬ್ಲಾಕಿನಲ್ಲಿ ನೂರಾರು ಕೀಗಳು ಕೂರುತ್ತವೆ. ಬ್ಲಾಕಿಗೆ 200 ಕೀ ಎಂದಾದರೆ ಮೂರೇ ಮೆಟ್ಟಿಲಿನಲ್ಲಿ 80 ಲಕ್ಷ ದಾಖಲೆಗಳಲ್ಲಿ ಯಾವುದನ್ನಾದರೂ ತಲುಪಬಹುದು. ಮೇಲಿನ ಮೆಟ್ಟಿಲುಗಳು ಸದಾ ಬಳಕೆಯಲ್ಲಿರುವುದರಿಂದ ಮೆಮೊರಿಯಲ್ಲೇ ಉಳಿದಿರುತ್ತವೆ. ಡಿಸ್ಕಿಗೆ ಹೋಗುವುದು ಒಂದೆರಡು ಸಲ ಮಾತ್ರ.

ಇನ್ನು ಬರ್ತ್ ಹಂಚುವ ಕೆಲಸದಲ್ಲಿ ಬ್ಲಾಕಿಂಗ್ ಅಪಾಯವನ್ನೇ ತರಬಲ್ಲದು. ಇದನ್ನು ಎಎಸ್/400 ಯಂತ್ರಗಳ ಮೇಲೆ ಕೆಲಸ ಮಾಡಿದವರು ಚೆನ್ನಾಗಿ ಬಲ್ಲರು. 1988ರಲ್ಲಿ ಐಬಿಎಂ ತಂದ ಆ ಯಂತ್ರದ ವಂಶ ಇಂದಿಗೂ ಬ್ಯಾಂಕು, ವಿಮೆ, ಕಾರ್ಖಾನೆಗಳ ಲೆಕ್ಕ ನೋಡಿಕೊಳ್ಳುತ್ತಿದೆ. ಚೆನ್ನೈನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅದರ ಆರ್‌ಪಿಜಿ, ಕೋಬಾಲ್ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವವರು ಇಂದಿಗೂ ಇದ್ದಾರೆ. ಅಲ್ಲಿ ಬ್ಲಾಕಿಂಗ್ ಎರಡು ಕಡೆ ನಡೆಯುತ್ತದೆ: ಡಿಸ್ಕಿಗೂ ಮೆಮೊರಿಗೂ ನಡುವೆ ಒಂದು, ಮೆಮೊರಿಗೂ ಪ್ರೋಗ್ರಾಮಿಗೂ ನಡುವೆ ಇನ್ನೊಂದು. ‘ಸೀಕ್ವೆನ್ಶಿಯಲ್ ಓನ್ಲಿ’ ಎಂದು ಸೂಚಿಸಿ ಇಷ್ಟು ದಾಖಲೆ ಒಟ್ಟಿಗೆ ಕೊಡು ಎಂದರೆ, ವ್ಯವಸ್ಥೆ ಅಷ್ಟನ್ನು ಪ್ರೋಗ್ರಾಮಿನ ಕೈಗೆ ಒಮ್ಮೆಲೇ ಇಡುತ್ತದೆ. ದಾಖಲೆಗೊಂದು ಸಲ ವ್ಯವಸ್ಥೆಯ ಬಾಗಿಲು ಬಡಿಯುವುದು ತಪ್ಪುತ್ತದೆ. ಕೀಯ ಕ್ರಮದಲ್ಲಿ ಓದುವಾಗ ಡಿಸ್ಕಿನ ಓಡಾಟ ಇದರಿಂದ ಕಡಿಮೆಯಾಗದಿದ್ದರೂ ಪ್ರೊಸೆಸರಿನ ಶ್ರಮವಂತೂ ಉಳಿಯುತ್ತದೆ.

ಆದರೆ ಕೈಯಲ್ಲಿರುವ ಆ ಕಟ್ಟು ಒಂದು ಪ್ರತಿ. ನಾನು ಮೊದಲ ದಾಖಲೆ ನೋಡುತ್ತಿರುವಾಗ ಇಪ್ಪತ್ತನೆಯದನ್ನು ಬೇರೆ ಕೌಂಟರಿನವರು ಬದಲಿಸಿರಬಹುದು. ನನ್ನ ಪ್ರತಿಯಲ್ಲಿ ಆ ಬರ್ತ್ ಇನ್ನೂ ಖಾಲಿ ಎಂದೇ ಇರುತ್ತದೆ. ವರದಿ ತೆಗೆಯುವಾಗ ಇಷ್ಟು ಹಳಸಿದ್ದರೆ ನಡೆಯುತ್ತದೆ. ಬರ್ತ್ ಕೊಡುವಾಗ ನಡೆಯುವುದಿಲ್ಲ. ಒಂದೇ ಬರ್ತ್ ಇಬ್ಬರಿಗೆ ಹೋದರೆ ಜೋಲಾರಪೇಟೆಯ ಹತ್ತಿರ ನಡುರಾತ್ರಿ ಮಗು ಎತ್ತಿಕೊಂಡು ನಿಲ್ಲಬೇಕಾದವರು ಪ್ರಯಾಣಿಕರು. ಅದಕ್ಕೇ, ದಾಖಲೆ ತಿದ್ದಲೆಂದು ಫೈಲ್ ತೆರೆದ ಪ್ರೋಗ್ರಾಮಿನಲ್ಲಿ ಒಂದೊಂದೇ ದಾಖಲೆಯನ್ನು ಬೀಗ ಹಾಕಿ ಓದಬೇಕು, ತಿದ್ದಿ ಬಿಡಬೇಕು. ದೊಡ್ಡ ಬಕೆಟ್ಟಿನ ಇನ್ನೊಂದು ತೊಡಕು ಇಲ್ಲಿ ಕಾಣುತ್ತದೆ. ಆರ್‌ಎಂಎಸ್ ಕೆಲಸ ಮಾಡುವ ಕ್ಷಣದಲ್ಲಿ ಇಡೀ ಬಕೆಟ್ಟಿಗೆ ಬೀಗ ಹಾಕುವುದರಿಂದ, ಬಕೆಟ್ ದೊಡ್ಡದಾದಷ್ಟೂ ಅದರ ಬಾಗಿಲಲ್ಲಿ ಕಾಯುವವರು ಹೆಚ್ಚುತ್ತಾರೆ.

ಹೊಸದಾಗಿದ್ದಾಗ ಚುರುಕು

ಕೀ ಫೈಲುಗಳ ಇನ್ನೊಂದು ಗುಣವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು: ಅವು ದಿನ ಕಳೆದಂತೆ ಸಡಿಲವಾಗುತ್ತವೆ. ತುಂಬಿದ ಬಕೆಟ್ಟಿಗೆ ಹೊಸ ದಾಖಲೆ ಬಂದರೆ ಬಕೆಟ್ ಒಡೆದು ಎರಡಾಗುತ್ತದೆ, ಅರ್ಧ ದಾಖಲೆಗಳು ದೂರದ ಖಾಲಿ ಜಾಗಕ್ಕೆ ಹೋಗುತ್ತವೆ. ಹೀಗೆ ಸಾವಿರಾರು ಸಲ ಆದ ಮೇಲೆ ಕೀಯ ಕ್ರಮ ಕಾಗದದಲ್ಲಿ ಉಳಿದಿರುತ್ತದೆ, ಡಿಸ್ಕಿನಲ್ಲಿ ಚದುರಿಹೋಗಿರುತ್ತದೆ. ಅರ್ಧ ತುಂಬಿದ ಬಕೆಟ್ಟುಗಳಿಂದಾಗಿ ಒಂದು ಓದಿಗೆ ಸಿಗುವ ದಾಖಲೆಗಳೂ ಅರ್ಧವಾಗಿರುತ್ತವೆ. ಮೊದಲು ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ರಾತ್ರಿಯ ಕೆಲಸ ಈಗ ಯಾಕೆ ಮುಗಿಯುವುದಿಲ್ಲ ಎಂದು ಕೇಳುವವರು ಹೊಸ ಸರ್ವರಿಗೆ ಅರ್ಜಿ ಬರೆಯುವ ಮೊದಲು ಇದನ್ನು ನೋಡಬೇಕು. ವಿಎಂಎಸ್‌ನಲ್ಲಿ ‘ಕನ್ವರ್ಟ್’, ಎಎಸ್/400ರಲ್ಲಿ ‘ರೀಆರ್ಗನೈಸ್’, ಪೋಸ್ಟ್‌ಗ್ರೆಸ್‌ನಲ್ಲಿ ‘ಕ್ಲಸ್ಟರ್’ ಇರುವುದು ಇದಕ್ಕೆಂದೇ: ದಾಖಲೆಗಳನ್ನು ಬೇಕಾದ ಕೀಯ ಕ್ರಮಕ್ಕೆ ಮತ್ತೆ ಜೋಡಿಸಿ ಇಡುವುದು. ಜೋಡಿಸುವಾಗ ಬಕೆಟ್ಟಿನಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟರೆ ಮುಂದಿನ ಒಡಕುಗಳು ತಡವಾಗುತ್ತವೆ.

ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಓಡಾಡುವ ತಲೆಯಿಲ್ಲ. ಒಂದು ಓದು ಮಿಲಿಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಅಷ್ಟಾದರೂ ಬ್ಲಾಕು ಹೋಗಿಲ್ಲ. ಒರೇಕಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಅದು ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿ 16. ದೂರ ಮಾತ್ರ ಡಿಸ್ಕಿನಿಂದ ನೆಟ್‌ವರ್ಕಿಗೆ ವರ್ಗವಾಗಿದೆ. ಬೆಂಗಳೂರಿನ ಪ್ರೋಗ್ರಾಮೊಂದು ಚೆನ್ನೈನ ಡೇಟಾಬೇಸಿನಿಂದ 10,000 ಸಾಲು ಓದುತ್ತದೆ ಎನ್ನಿ. ಒರೇಕಲ್‌ನ ಜಾವಾ ಚಾಲಕ ಬೇರೇನೂ ಹೇಳದಿದ್ದರೆ ಒಂದು ಸಲಕ್ಕೆ 10 ಸಾಲು ತರುತ್ತದೆ, ಅಂದರೆ ಸಾವಿರ ಸಲ ಹೋಗಿಬರಬೇಕು. ಹೋಗಿಬರಲು 10 ಮಿಲಿಸೆಕೆಂಡ್ ಹಿಡಿದರೆ ಬರೀ ಪ್ರಯಾಣಕ್ಕೇ 10 ಸೆಕೆಂಡ್. ಒಂದು ಸಲಕ್ಕೆ 500 ಸಾಲು ತಾ ಎಂದು ಒಂದು ಸಾಲಿನ ಸೂಚನೆ ಬರೆದರೆ 20 ಸಲ, ಸೆಕೆಂಡಿನ ಐದನೇ ಒಂದು ಭಾಗ. 1960ರ ದಶಕದ ಟೇಪಿನ ಲೆಕ್ಕವೇ ಇಲ್ಲಿ ಮತ್ತೆ ಕೆಲಸಕ್ಕೆ ಬಂದಿದೆ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಿ-ಟ್ರೀ ಪಾಠವಾಗುತ್ತದೆ, ಪರೀಕ್ಷೆಯಲ್ಲಿ ಅದರ ಚಿತ್ರವನ್ನೂ ಬರೆಸುತ್ತಾರೆ. ಆದರೆ ಒಂದು ನಿಜವಾದ ಫೈಲನ್ನು ಎರಡು ಕ್ರಮದಲ್ಲಿ ಇಟ್ಟು, ಎರಡು ಕ್ರಮದಲ್ಲಿ ಓದಿಸಿ, ಗಡಿಯಾರ ಹಿಡಿದು ನೋಡುವ ಪ್ರಯೋಗವನ್ನು ಪ್ರತಿ ವಿದ್ಯಾರ್ಥಿಯೂ ಮಾಡಬೇಕು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಒಂದು ಮಧ್ಯಾಹ್ನ ಸಾಕು. ಅದನ್ನು ಒಮ್ಮೆ ಕಂಡವರು ಮುಂದೆ ಯಾವ ಕೆಲಸಕ್ಕೆ ಹೋದರೂ ಬ್ಲಾಕಿನ ಗಾತ್ರ ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾರೆ: ಇದನ್ನು ಓದುವವರು ಯಾರು, ಯಾವ ಕ್ರಮದಲ್ಲಿ ಓದುತ್ತಾರೆ, ಒಮ್ಮೆಗೆ ಎಷ್ಟು ಬೇಕು, ಓದುತ್ತಿರುವಾಗ ಬೇರೆಯವರು ತಿದ್ದುತ್ತಾರೆಯೇ. ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಗಾತ್ರ ನಿರ್ಧರಿಸುವುದು ಸಣ್ಣ ಲೆಕ್ಕ. ಉತ್ತರ ಸಿಗದೆ ಹಾಕಿದ ಸಂಖ್ಯೆ ಎಷ್ಟೇ ದೊಡ್ಡದಾದರೂ, ಅದರ ಬೆಲೆಯನ್ನು ಕೊನೆಗೆ ತೆರುವವರು ಸಾಲಿನಲ್ಲಿ ನಿಂತ ಜನ.